ಬಟಾಣಿ ಫ್ರೀಜರಿನ ಕೆಳಗೆ ಮೂವತ್ತೊಂದು ಮಂದಿ

ಹ್ಯಾಥರ್‌ಶಾ ಊರಿನ ಸೂಪರ್ ಮಾರ್ಕೆಟ್ಟಿನಲ್ಲಿ ಪ್ರತಿ ಶನಿವಾರ ಮಧ್ಯಾಹ್ನ ಮೂರು ಗಂಟೆಗೆ ಸರಿಯಾಗಿ ಬಟಾಣಿ ಫ್ರೀಜರಿನ ಮುಂದೆ ನಾಲ್ಕೈದು ಮುದುಕಿಯರು ಬಂದು ನಿಲ್ಲುತ್ತಾರೆ. ಬಟಾಣಿ ಕೊಳ್ಳುವುದಿಲ್ಲ. ಹೊಸದಾಗಿ ಸೇರಿದ ಕೆಲಸದವರು ಏನು ಬೇಕಿತ್ತು ಎಂದು ಕೇಳಿ ಪೆಚ್ಚಾಗುತ್ತಾರೆ. ಹಳಬರು ಕೇಳುವುದಿಲ್ಲ, ಅವರಿಗೆ ಗೊತ್ತು. ಆ ಅಂಗಡಿ ನಿಂತಿರುವುದು ಊರಿನ ಫುಟ್‌ಬಾಲ್ ಮೈದಾನದ ಮೇಲೆ. ಈಗ ಬಿಲ್ ಮಾಡುವವರು ಕೂತಿರುವುದು ಮೈದಾನದ ನಟ್ಟನಡುವೆ. ಬ್ರೆಡ್ಡಿನ ಸಾಲು ಇರುವ ಕಡೆ ಪರವೂರಿನವರು ನಿಂತು ನಮ್ಮವರ ಬಾಯಲ್ಲಿ ಬೈಸಿಕೊಳ್ಳುತ್ತಿದ್ದರು. ಬಟಾಣಿ ಇರುವುದು ಗೋಲಿನ ಮುಂದಿನ ಪೆನಾಲ್ಟಿ ಚುಕ್ಕೆಯ ಮೇಲೆ, ಮತ್ತು ಆ ಚುಕ್ಕೆಯ ಸುತ್ತ ಊರಿನ ಮೂವತ್ತೊಂದು ಜನರ ಬೂದಿ ಇದೆ.

ಇದೆಂಥ ಮರುಳು ಎನ್ನುವವರು ಎನ್ನಲಿ. ಬದುಕಿದ್ದಾಗ ಮಳೆಯಲ್ಲಿ ನೆನೆಯುತ್ತ, ಸೋಲುವ ತಂಡಕ್ಕೆ ಗಂಟಲು ಹರಿದುಕೊಂಡವನು ಸತ್ತ ಮೇಲೆ ಅಲ್ಲೇ ಇರಬೇಕು ಎಂದರೆ ಅದರಲ್ಲಿ ತಪ್ಪೇನಿದೆ? ಕಬ್ಬಿಣದ ಗೇಟಿನ ಸ್ಮಶಾನಕ್ಕಿಂತ ಅದೇ ವಾಸಿ.

ಆ ಮೂವತ್ತೊಂದು ಮಂದಿಯನ್ನು ಮಣ್ಣಿಗೆ ಸೇರಿಸಿದವನು ಕ್ಲಿಫರ್ಡ್ ಹ್ಯಾಸ್ಲಮ್. ಇಪ್ಪತ್ತೆರಡು ವರ್ಷ ಆ ಮೈದಾನದ ಹುಲ್ಲು ನೋಡಿಕೊಂಡವನು. ಮೈದಾನ ಮಾರಿಹೋಗಿ ಅಂಗಡಿ ಬಂದಾಗ ಅದೇ ಜಾಗದಲ್ಲಿ ಟ್ರಾಲಿ ತಳ್ಳುವ ಕೆಲಸ ಹಿಡಿದ. ಈಗ ಎಪ್ಪತ್ತಾರು, ಇನ್ನೂ ತಳ್ಳುತ್ತಾನೆ. ಅವನು ಎದುರಾದರೆ ಊರಿನ ಗಂಡಸರು ಟೋಪಿ ಮುಟ್ಟುತ್ತಾರೆ, ಪಬ್ಬಿನಲ್ಲಿ ಅವನ ಬಿಯರಿಗೆ ಅವನೇ ಕಾಸು ಬಿಚ್ಚಿದ್ದನ್ನು ಯಾರೂ ಕಂಡಿಲ್ಲ. ನಮ್ಮ ಸತ್ತವರನ್ನು ಕಾಯುವವನು ಎಂದು ಅವನಿಗೆ ಹೆಸರು.

ಹೋದ ಶರತ್ಕಾಲದಲ್ಲಿ ಅಂಗಡಿಯ ನೆಲ ಕಿತ್ತು ಹೊಸದು ಹಾಸುವ ಕೆಲಸ ಶುರುವಾಯಿತು. ಮ್ಯಾನೇಜರ್ ಶಾಜಿಯಾ ಒಳ್ಳೆಯ ಹೆಣ್ಣು, ಇದೇ ಊರಲ್ಲಿ ಹುಟ್ಟಿ ಬೆಳೆದವಳು. ಅವಳೇ ಮೇಲಿನವರ ಜೊತೆ ಗುದ್ದಾಡಿ, ಚುಕ್ಕೆ ಇದ್ದ ಜಾಗದಲ್ಲಿ, ಫ್ರೀಜರಿನ ಮುಂದಿನ ನೆಲದಲ್ಲಿ, ಒಂದು ಹಿತ್ತಾಳೆ ಫಲಕ ಕೂರಿಸಲು ಒಪ್ಪಿಸಿದ್ದಳು. ಫಲಕದ ಮೇಲೆ ಮೂವತ್ತೊಂದು ಹೆಸರು, ಕೆಳಗೆ, ಇವರನ್ನು ತನ್ನ ಕೈಯಾರೆ ಇಲ್ಲಿ ಮಲಗಿಸಿದವನು ಎಂದು ಕ್ಲಿಫರ್ಡನ ಹೆಸರು. ಶನಿವಾರ ಮೂರಕ್ಕೆ ಅನಾವರಣ, ಹೆಸರುಗಳನ್ನು ಅವನೇ ಓದಬೇಕು ಎಂದಾಗಿತ್ತು.

ಬುಧವಾರ ಬೆಳಿಗ್ಗೆ ಈನಿಡ್ ಟ್ಯಾಟರ್ಸಲ್ ಅವನನ್ನು ಹುಡುಕಿಕೊಂಡು ಬಂದಳು. ಫ್ರೀಜರಿನ ಮುಂದೆ ನಿಲ್ಲುವ ಮುದುಕಿಯರಲ್ಲಿ ಇವಳೇ ಮೊದಲನೆಯವಳು, ಇಪ್ಪತ್ತನಾಲ್ಕು ವರ್ಷದಲ್ಲಿ ತಪ್ಪಿಸಿದ್ದು ಎರಡೋ ಮೂರೋ ಶನಿವಾರ. ಅವಳ ಒಬ್ಬನೇ ಮಗ ನೀಲ್ ಹತ್ತೊಂಬತ್ತಕ್ಕೆ ಬೈಕಿನಿಂದ ಬಿದ್ದು ಸತ್ತು ಆ ಮೂವತ್ತೊಂದು ಮಂದಿಯಲ್ಲಿ ಒಬ್ಬನಾಗಿದ್ದ. ಇಬ್ಬರೂ ಅಂಗಡಿಯ ಕ್ಯಾಂಟೀನಿನಲ್ಲಿ ಟೀ ಇಟ್ಟುಕೊಂಡು ಕೂತರು. ಮೇದೋಜೀರಕದಲ್ಲಿ ಗಂಟು, ಕ್ರಿಸ್‌ಮಸ್ ಕಾಣುವುದು ಕಷ್ಟವೆಂದು ಡಾಕ್ಟರು ಹೇಳಿದ್ದಾರೆ ಎಂದಳು. ಬಸ್ಸು ತಪ್ಪಿತು ಎನ್ನುವ ಹಾಗೆ ಹೇಳಿದಳು. ಆಮೇಲೆ ಬಂದ ಕೆಲಸಕ್ಕೆ ಬಂದಳು. ಹೇಗೂ ನೆಲ ಕಿತ್ತಿದೆ, ಮೇಸ್ತ್ರಿಗೆ ಹೇಳಿ ಫಲಕದ ಪಕ್ಕದ ಹಾಸುಗಲ್ಲಿನ ಕೆಳಗೆ ಒಂದು ಮುಷ್ಟಿ ಹಿಡಿಯುವಷ್ಟು ಗುಳಿ ಬಿಡಿಸಬೇಕು, ತಾನು ಹೋದ ಮೇಲೆ ಆ ಕಲ್ಲು ಎತ್ತಿ ತನ್ನನ್ನು ಅಲ್ಲಿ ಇಡಬೇಕು. ಗಂಡನ ಸಮಾಧಿಯ ಪಕ್ಕ ತನಗೆಂದು ಹಿಡಿದಿಟ್ಟಿದ್ದ ಜಾಗವನ್ನು ಸೋಮವಾರವೇ ನಾದಿನಿಗೆ ಬಿಟ್ಟುಕೊಟ್ಟು ಬರೆದುಕೊಡುತ್ತೇನೆ ಎಂದಳು.

“ರಾನ್ ಜೊತೆ ನಲವತ್ತು ವರ್ಷ ಮಲಗಿದೀನಿ, ಸಾಕು,” ಎಂದು ನಕ್ಕಳು. “ಮಗನ ಜೊತೆ ಇರೋಕೆ ಹತ್ತೊಂಬತ್ತೇ ವರ್ಷ ಸಿಕ್ಕಿದ್ದು ಕಣೋ ಕ್ಲಿಫ್. ಇದೊಂದು ಮಾಡ್ಕೊಡು.”

ಆಗಲಿ ಕಣೆ ಎಂದು ಹೇಳಿ ಕ್ಲಿಫರ್ಡ್ ಎದ್ದುಬಿಡಬಹುದಿತ್ತು. ಎಷ್ಟು ಸಲ ಹಾಗೆ ಹೇಳಿಲ್ಲ ಅವನು! ಆದರೆ ಹೆಂಗಸು ಗಂಡನ ಪಕ್ಕದ ಜಾಗ ಬಿಟ್ಟುಕೊಡುತ್ತೇನೆ ಎನ್ನುತ್ತಿದ್ದಾಳೆ. ಬಿಟ್ಟುಕೊಟ್ಟು ಬಂದು ಮಲಗುವುದು ಯಾರ ಪಕ್ಕ? ಅವನು ಟೀ ಲೋಟವನ್ನು ಅತ್ತ ಸರಿಸಿದ, ಮತ್ತೆ ಇತ್ತ ಎಳೆದುಕೊಂಡ.

“ಅಲ್ಲಿ ಯಾರೂ ಇಲ್ಲ ಈನಿಡ್,” ಎಂದ.

ಮನುಷ್ಯನ ಬೂದಿ ಹುಲ್ಲಿಗೆ ವಿಷ. ಹುಲ್ಲು ನೋಡಿಕೊಳ್ಳುವ ಯಾರನ್ನು ಬೇಕಾದರೂ ಕೇಳಿ, ಹೇಳುತ್ತಾರೆ. ಮೊದಲನೆಯ ಸಲ ಕ್ಲಿಫರ್ಡ್ ಪೂರ್ತಿ ಡಬ್ಬಿಯನ್ನು ಪ್ರಾಮಾಣಿಕವಾಗಿಯೇ ಸುರಿದಿದ್ದ. ಹದಿನೈದು ದಿನದಲ್ಲಿ ಗೋಲಿನ ಮುಂದೆ ಹಾಸಿಗೆಯಷ್ಟು ಅಗಲ ಹುಲ್ಲು ಸುಟ್ಟು ಹಳದಿಯಾಯಿತು, ಕ್ಲಬ್ಬಿನ ಯಜಮಾನ ಕರೆಸಿ, ಇನ್ನೊಮ್ಮೆ ಹೀಗಾದರೆ ನಿನ್ನ ದಾರಿ ನೀನು ನೋಡಿಕೋ ಎಂದ. ಆಗ ಅವನಿಗೆ ಎರಡು ಚಿಕ್ಕ ಮಕ್ಕಳು. ಬೂದಿ ಹಿಡಿದು ಬಂದವರಿಗೆ ಆಗುವುದಿಲ್ಲ ಎನ್ನಲು ಬಾಯಿ ಬರಲಿಲ್ಲ. ಅಲ್ಲಿಂದಾಚೆಗೆ ಅವನು ಒಂದು ದಾರಿ ಕಂಡುಕೊಂಡ. ಮನೆಯವರ ಎದುರು ಒಂದು ಚಮಚ ಚುಕ್ಕೆಯ ಮೇಲೆ ಉದುರಿಸುವುದು, ಮಿಕ್ಕದ್ದನ್ನು ನಾಳೆ ಹುಲ್ಲೆಬ್ಬಿಸಿ ಸರಿಯಾಗಿ ಕೆಳಗೆ ಹಾಕುತ್ತೇನೆ ಎನ್ನುವುದು. ಅವರು ಅಳುತ್ತ ಕೈ ಹಿಡಿದು ಹೋಗುತ್ತಿದ್ದರು. ಬೆಳಿಗ್ಗೆ ಅವನು ಡಬ್ಬಿಯನ್ನು ಪ್ರೇಕ್ಷಕರು ಕೂರುವ ಸ್ಟ್ಯಾಂಡಿನ ಹಿಂದಕ್ಕೆ ಒಯ್ದು, ಕತ್ತರಿಸಿದ ಹುಲ್ಲು ಕೊಳೆಯಲು ಹಾಕುವ ತಿಪ್ಪೆಗೆ ಸುರಿದು ಬರುತ್ತಿದ್ದ. ನೀಲ್ ಸೇರಿದಂತೆ ಮೂವತ್ತು ಜನರನ್ನು ಹೀಗೆ ಸುರಿದ. ಆ ಮೊದಲನೆಯವನೂ ಉಳಿಯಲಿಲ್ಲ, ಆ ಚಮಚಗಳೂ ಉಳಿಯಲಿಲ್ಲ. ಅಂಗಡಿಗೆ ಪಾಯ ತೋಡುವಾಗ ಮೈದಾನದ ಎರಡಡಿ ಮಣ್ಣನ್ನು ಕೆರೆದು ಲಾರಿಯಲ್ಲಿ ತುಂಬಿ ಎಲ್ಲಿಗೋ ಸಾಗಿಸಿಬಿಟ್ಟರು. ಅವನು ಗೇಟಿನ ಹತ್ತಿರ ನಿಂತು ಆ ಲಾರಿಗಳು ಹೋಗುವುದನ್ನು ನೋಡಿದ್ದ.

ಇಷ್ಟನ್ನೂ ಅವನು ತಲೆ ತಗ್ಗಿಸಿಕೊಂಡು ಹೇಳಿ ಮುಗಿಸಿದ. ಈನಿಡ್ ಬೈಯಲಿಲ್ಲ. ಬೈದಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು. ತಿಪ್ಪೆ ಎಲ್ಲಿತ್ತು ಎಂದಷ್ಟೇ ಕೇಳಿದಳು.

ಕರೆದುಕೊಂಡು ಹೋಗಿ ತೋರಿಸಿದ. ಕಾರು ನಿಲ್ಲಿಸುವ ಜಾಗದ ತುದಿಯಲ್ಲಿ, ಖಾಲಿ ಬಾಟಲಿ ಎಸೆಯಲು ಇಟ್ಟ ಮೂರು ದೊಡ್ಡ ಹಸಿರು ಡಬ್ಬಗಳ ಹತ್ತಿರ. ಅಲ್ಲಿ ಮಣ್ಣು ತೆಗೆದಿರಲಿಲ್ಲ, ತಿಪ್ಪೆಯನ್ನೇ ಮಟ್ಟ ಮಾಡಿ ಮೇಲೆ ಡಾಂಬರು ಎಳೆದಿದ್ದರು. ಯಾರೋ ಕಾರಿನಿಂದಿಳಿದು ಒಂದು ಚೀಲ ಬಾಟಲಿಗಳನ್ನು ಒಂದೊಂದಾಗಿ ಡಬ್ಬದೊಳಕ್ಕೆ ಎಸೆಯುತ್ತಿದ್ದ. ಪ್ರತಿ ಸಲ ಒಡೆದಾಗಲೂ ಈನಿಡ್ ಕಣ್ಣು ಮುಚ್ಚಿಕೊಂಡಳು. ಅವನು ಹೋಗುವವರೆಗೂ ಕಾದಳು.

“ಮೊರೀನ್ ಪಿಲ್ಲಿಂಗಿಗೆ ಎಂಬತ್ತನಾಲ್ಕು,” ಎಂದಳು. ಗಂಡನಿಗಾಗಿ ಫ್ರೀಜರಿನ ಮುಂದೆ ಅವಳ ಜೊತೆ ನಿಲ್ಲುವ ಗೆಳತಿ ಮೊರೀನ್. “ಶನಿವಾರ ಬರುತ್ತೆ ಅಂತ ಅವಳು ಹಾಸಿಗೆ ಬಿಟ್ಟು ಏಳೋದು. ಅವಳಿಗೆ ಇದು ಗೊತ್ತಾಗಬಾರದು. ಯಾರಿಗೂ ಗೊತ್ತಾಗಬಾರದು. ನಾನೂ ಹೇಳಲ್ಲ.”

ಅವನು ತಲೆಯಾಡಿಸಿದ. ಅವಳ ಕೈ ಹಿಡಿಯಲು ಹೋದ.

“ನನ್ನ ಬೂದಿ ಮಾತ್ರ ನೀನು ಮುಟ್ಟಕೂಡದು,” ಎಂದು ಈನಿಡ್ ಕೈ ಹಿಂದಕ್ಕೆಳೆದುಕೊಂಡಳು.

ಶನಿವಾರ ಜಿನುಗು ಮಳೆ. ಎರಡೂ ಮುಕ್ಕಾಲಿಗೆಲ್ಲ ಫ್ರೀಜರುಗಳ ನಡುವೆ ಅರುವತ್ತು ಎಪ್ಪತ್ತು ಜನ, ಹೆಚ್ಚಿನವರ ಕೊರಳಲ್ಲಿ ತಂಡದ ಕಂದುಬಣ್ಣದ ಮಫ್ಲರು. ಕ್ಲಿಫರ್ಡ್ ಟೈ ಕಟ್ಟಿಕೊಂಡಿದ್ದ. ಅಷ್ಟರಲ್ಲಿ ಕಾವಲಿನವನು ಬಂದು ಶಾಜಿಯಾಳ ಕಿವಿಯಲ್ಲಿ ಏನೋ ಹೇಳಿದ. ಯಾರೋ ಮುದುಕಿ ಬಾಟಲಿ ಡಬ್ಬಗಳ ಮುಂದೆ ಮಡಚು ಕುರ್ಚಿ ಹಾಕಿಕೊಂಡು ಮಳೆಯಲ್ಲಿ ಕೂತಿದ್ದಾಳೆ, ಯಾರಿಗೂ ಬಾಟಲಿ ಹಾಕಲು ಬಿಡುತ್ತಿಲ್ಲ, ಹಿಂದೆ ಕಾರುಗಳು ಸಾಲುಗಟ್ಟಿವೆ. ಶಾಜಿಯಾ ಕ್ಲಿಫರ್ಡನನ್ನು ಕರೆದುಕೊಂಡು ಹೊರಗೆ ಬಂದಳು. ತನ್ನ ಗೆಳತಿ ಇನ್ನೂ ಬಂದಿಲ್ಲವಲ್ಲ ಎಂದು ಬಾಗಿಲಲ್ಲೇ ಕಾಯುತ್ತಿದ್ದ ಮೊರೀನಳೂ ಕೋಲೂರಿಕೊಂಡು ಹಿಂದೆ ಬಂದಳು.

ಈನಿಡ್ ಕೊಡೆ ಕೂಡ ಬಿಚ್ಚಿರಲಿಲ್ಲ. ಒಳ್ಳೆಯ ಕೋಟು ಹಾಕಿದ್ದಳು, ಅದು ತೊಯ್ದು ತೊಪ್ಪೆಯಾಗಿತ್ತು. ಶಾಜಿಯಾ ಅವಳ ಪಕ್ಕ ಮಂಡಿಯೂರಿ ಕೂತು, ಏನಾಯಿತು, ಇಲ್ಲೇಕೆ ಕೂತಿದ್ದೀರಿ ಎಂದು ಮೆಲ್ಲಗೆ ಕೇಳಿದಳು. ಈನಿಡ್ ಬಾಯಿ ತೆರೆದಳು, ಮೊರೀನಳನ್ನು ನೋಡಿ ಮುಚ್ಚಿಕೊಂಡಳು. ಆಮೇಲೆ ಕ್ಲಿಫರ್ಡನ ಕಡೆ ನೋಡಿದಳು. ಏನಾದರೂ ಹೇಳು, ಏನಾದರೂ ನೆಪ ಹೇಳಿ ನನ್ನನ್ನು ಇಲ್ಲೇ ಇರಲು ಬಿಡು ಎಂದು ಕೇಳುತ್ತಿದ್ದ ನೋಟ ಅದು. ಅವನಿಗೆ ಅದು ಚೆನ್ನಾಗಿಯೇ ಅರ್ಥವಾಯಿತು.

ಶಾಜಿಯಾ ಎದ್ದು ಅವನತ್ತ ತಿರುಗಿದಳು. “ಇವರು ನಿಮಗೆ ಚೆನ್ನಾಗಿ ಗೊತ್ತಲ್ಲ ಕ್ಲಿಫರ್ಡ್. ಇಲ್ಲಿ ಯಾಕೆ ಕೂತಿದಾರೆ?”

ಕಾರಿನವರು ಹಾರ್ನ್ ಒತ್ತುತ್ತಿದ್ದರು. ಒಳಗೆ ಅಷ್ಟೂ ಜನ ಕಾಯುತ್ತಿದ್ದರು. ಹಳೆಯ ಗೆಳತಿ, ಸ್ವಲ್ಪ ಹೊತ್ತು ಒಬ್ಬಳೇ ಇರಬೇಕಂತೆ ಎಂದಿದ್ದರೂ ಸಾಕಿತ್ತು. ಆದರೆ ಬಿಟ್ಟರೆ ಮುಂದಿನ ಶನಿವಾರವೂ ಬಂದು ಕೂರುತ್ತಾಳೆ, ಅದರ ಮುಂದಿನ ಶನಿವಾರವೂ ಕೂರುತ್ತಾಳೆ, ಒಂದು ದಿನ ಯಾರಾದರೂ ಲೆಕ್ಕ ಹಾಕಿಯೇ ಹಾಕುತ್ತಾರೆ. ಕ್ಲಿಫರ್ಡನ ತಲೆಯಲ್ಲಿ ಓಡಿದ್ದು ಇಷ್ಟೇ.

“ವಯಸ್ಸಾಯ್ತಲ್ಲಮ್ಮ, ಅರಳುಮರಳು,” ಎಂದ. “ಕಾಯಿಲೆ ಬೇರೆ. ಎಲ್ಲಿದೀನಿ ಅನ್ನೋದೇ ಗೊತ್ತಾಗ್ತಿಲ್ಲ ಅವಳಿಗೆ.”

ಈನಿಡ್ ಅವನನ್ನು ಒಂದು ಕ್ಷಣ ನೋಡಿದಳು. ಆಮೇಲೆ ತಾನಾಗಿಯೇ ಎದ್ದಳು.

ಅಯ್ಯೋ ಪಾಪ ಎಂದು ಶಾಜಿಯಾ ತನ್ನ ಕೋಟು ತೆಗೆದು ಅವಳಿಗೆ ಹೊದಿಸಿದಳು. ನಿಮ್ಮ ಮಗ ಇರುವಲ್ಲಿಗೇ ಕರೆದುಕೊಂಡು ಹೋಗುತ್ತೇನೆ ಬನ್ನಿ ಎಂದು, ಮಗುವಿಗೆ ಹೇಳುವ ಹಾಗೆ ಹೇಳುತ್ತ, ತೋಳು ಹಿಡಿದು ನಡೆಸಿದಳು. ಜನ ದಾರಿ ಬಿಟ್ಟರು. ಅವಳನ್ನು ಎಲ್ಲರಿಗಿಂತ ಮುಂದೆ, ಫಲಕದ ಪಕ್ಕದಲ್ಲಿ ನಿಲ್ಲಿಸಿದರು. ಮೊರೀನ್ ಅವಳ ಒದ್ದೆ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡಳು.

“ಇಲ್ಲೇ ಇದಾನೆ ಕಣೆ ನಿನ್ನ ನೀಲ್. ನೋಡು, ಇಲ್ಲೇ.”

“ಹೌದು ಮೊರೀನ್,” ಎಂದಳು ಈನಿಡ್. “ನಿನ್ನ ಯಜಮಾನರೂ ಇಲ್ಲೇ ಇದಾರೆ.”

ಗಂಟೆ ಮೂರಾಯಿತು. ಕ್ಲಿಫರ್ಡ್ ಕನ್ನಡಕ ಏರಿಸಿಕೊಂಡು ಮೂವತ್ತೊಂದು ಹೆಸರುಗಳನ್ನೂ ಓದಿದ. ಒಂದು ಕಡೆಯೂ ಅವನ ದನಿ ನಡುಗಲಿಲ್ಲ, ಜನ ಅದನ್ನೂ ಮೆಚ್ಚಿಕೊಂಡರು.