ಕೊರವನ ಮರಿಗೆ ಕಾವಲು

ಹುಟ್ಟಿದಾಗಿನಿಂದ ಮೀನು ಬಾಯಿಗಿಡದ ವಿಜಯೀಂದ್ರ ಮೀನಿನ ಮೇಲೆ ಹದಿನೆಂಟು ಪುಟ ಬರೆದಿದ್ದ. ಮನೆ ತುಮಕೂರು, ಮೇಷ್ಟ್ರ ಕೆಲಸ ಗುಬ್ಬಿಯ ಕಾಲೇಜಿನಲ್ಲಿ, ಜೀವವೆಲ್ಲ ಕೊತ್ತಗೆರೆ ಕಡೆಯ ಒಂದು ಕೆರೆಯ ಕೊರವ ಮೀನಿನ ಮೇಲೆ. ಜೂನ್, ಜುಲೈ ಯಾರೂ ಬಲೆ ಬೀಸಬಾರದು, ವರ್ಷಕ್ಕೊಮ್ಮೆ ಎಣಿಸಬೇಕು ಎಂಬುದು ಅವನ ಯೋಜನೆ. ಹದಿನಾಲ್ಕು ಮನೆಯ ಮೀನುಗಾರರು ಅವನ ಮುಖ ನೋಡಿ ಬಲೆ ಮಡಿಸಿಟ್ಟರು.

ಯೋಜನೆಗೆ ಮುಂಚೆ ಎಣಿಸಿದಾಗ ನಲವತ್ತೊಂದು ಕೊರವ ಸಿಕ್ಕಿದ್ದವು. ಯೋಜನೆಯ ವರ್ಷ, ಸೆಪ್ಟೆಂಬರಿನಲ್ಲಿ ಎಣಿಸಿದರೆ ಇಪ್ಪತ್ತಮೂರು.

ಮೀನುಗಾರರು ನಂಬಿಕೆ ಕಳೆದುಕೊಂಡು ಕೈಬಿಟ್ಟರೆ ಆ ಕೆರೆಯಲ್ಲಿ ಕೊರವನ ಕಥೆ ಮುಗಿದ ಹಾಗೆಯೇ. ಸಂಖ್ಯೆ ಚೂರು ತಿದ್ದಿದರೆ ಯಾರಿಗೆ ತಿಳಿಯುತ್ತದೆ ಎಂದು ವಿಜಯೀಂದ್ರನಿಗೆ ಒಂದು ಗಳಿಗೆ ಅನ್ನಿಸಿದ್ದೂ ನಿಜ. ಆದರೂ ಕೆರೆ ಏರಿಯ ಮೇಲೆ ಎಲ್ಲರೆದುರು ನಿಂತು, "ಇಪ್ಪತ್ಮೂರಕ್ಕೆ ಇಳಿದಿದೆ. ನನ್ನ ಪ್ಲಾನೇ ತಪ್ಪು. ಯಾಕೆ ಅಂತ ಗೊತ್ತಾಗ್ತಿಲ್ಲ," ಅಂದ.

"ಇಪ್ಪತ್ಮೂರೇ ಕಣ್ ಸ್ವಾಮಿ, ನಾವೂ ಎಣ್ಸಿದೀವಿ," ಎಂದಳು ಅವರಲ್ಲೆಲ್ಲ ಹಿರಿಯಳಾದ ಚಿಕ್ಕಮಾರಮ್ಮ. "ಬನ್ನಿ ಇಲ್ಲಿ."

ಜೊಂಡಿನ ಪಕ್ಕ ನೀರಿನ ಮೇಲೆ ಕುಂಕುಮ ಚೆಲ್ಲಿದಂತೆ ಕೆಂಪು ಮರಿಗಳ ಗುಂಪೊಂದು ಮಿಸುಕಾಡುತ್ತಿತ್ತು.

"ಅಡೀಲಿ ಅಪ್ಪ ಅವ್ವ ಕಾಯ್ತಾ ಇರ್ತವೆ. ಎರಡ್ ತಿಂಗ್ಳು ಸುಮ್ಕಿದ್ದು ಆಗಸ್ಟ್‌ನಾಗೆ ಎಲ್ರೂ ಒಟ್ಗೆ ಬಲೆ ಬುಟ್ವಿ, ಹೆತ್ತವೇ ಸಿಕ್ಕಾಕ್ಕಂಡ್ವು. ಮಳೆ ಬಂದಾಗ ಮರಿ ಮಾಡ್ತವೆ, ಅವುಕ್ಕೇನ್ ಕ್ಯಾಲೆಂಡರ್ ಗೊತ್ತಾ?"

"ಮೊದ್ಲೇ ಹೇಳ್ಬಾರ್ದಿತ್ತಾ?"

"ನೀವೆಲ್ಲಿ ಕೇಳಿದ್ರಿ?"

ವಿಜಯೀಂದ್ರ ಈಗ ಕೇಳಿದ, ಅವಳು ಹೇಳಿದ್ದನ್ನು ಬರೆದುಕೊಂಡ. ಹದಿನೆಂಟು ಪುಟದ ಜಾಗದಲ್ಲಿ ಒಂದೇ ಸಾಲು ಉಳಿಯಿತು: ಮರಿ ಕಂಡಲ್ಲಿ ಗೂಟ ನೆಡುವುದು, ಅದರ ಸುತ್ತ ಹತ್ತು ಮಾರು ಬಲೆ ಬೀಸದಿರುವುದು. ಮರುವರ್ಷ ಆ ಗೂಟಗಳ ಮೇಲೆ ಮಿಂಚುಳ್ಳಿಗಳು ಆರಾಮಾಗಿ ಕೂತು ಮರಿ ನುಂಗತೊಡಗಿದವು. ಚಿಕ್ಕಮಾರಮ್ಮ ಹಣೆ ಚಚ್ಚಿಕೊಂಡಳು.

"ಹಾಳಾದ್ ಹಕ್ಕೀಗೆ ನಾನೇ ಮಣೆ ಹಾಕ್ಕೊಟ್ನಲ್ಲಪ್ಪೋ!"

ಅಂದೇ ಗೂಟ ಕಿತ್ತರು. ಗೂಟದ ಬದಲು, ಹಗ್ಗದ ತುದಿಗೆ ಕಲ್ಲು ಕಟ್ಟಿದ ಖಾಲಿ ಬಾಟಲಿಗಳನ್ನು ತೇಲಿಬಿಟ್ಟು, ಮರಿ ಜರುಗಿದಂತೆ ಅವನ್ನೂ ಜರುಗಿಸಿದರು.

ಅದರ ಮುಂದಿನ ಸೆಪ್ಟೆಂಬರಿನಲ್ಲಿ ಐವತ್ತಾರು ಕೊರವ ಸಿಕ್ಕವು. ಎಣಿಸಿ ಎಲ್ಲವನ್ನೂ ನೀರಿಗೆ ಬಿಟ್ಟ ಮೇಲೆ ವಿಜಯೀಂದ್ರ ಆ ಹದಿನಾಲ್ಕು ಮನೆಯವರಿಗೆ ಕೈಮುಗಿದ. ಈ ಋಣ ಯಾವ ಜನ್ಮಕ್ಕೂ ತೀರದು ಎನ್ನಿಸಿತು.

ಚಿಕ್ಕಮಾರಮ್ಮ ಅವನ ಮುಗಿದ ಕೈ ಹಿಡಿದು ಇಳಿಸಿ, ಪಕ್ಕದಲ್ಲಿ ಕೂರಿಸಿಕೊಂಡಳು.

"ಸರಿ, ಬರೋ ವರ್ಷ ಏನ್ ತಪ್ ಮಾಡನ ಹೇಳಿ ಸ್ವಾಮಿ?"