ಒಂದು ಗೇಣು ಎಳೆ

ಕಂಬಕ್ಕೆ ಅಂಟಿಸಿದ ಸಾವಿನ ಕಾಗದದ ಮೂಲೆ ಕಿತ್ತು ಗಾಳಿಗೆ ಪಟಪಟ ಎನ್ನುತ್ತಿದೆ, ಯಾಸೆನ್ ನಮ್ಮನ್ನಗಲಿ ಒಂದು ವರ್ಷ, ಕೆಳಗೆ ಅತ್ತಿಗೆಯ ಹೆಸರು, ತಂಗಿ ನೆವೆನಾಳ ಹೆಸರು, ಫೋಟೊದಲ್ಲಿ ಅಣ್ಣ ಯಾರದೋ ಮದುವೆಯಲ್ಲಿ ಕುಡಿದು ನಗುತ್ತಿದ್ದಾನೆ, ಬೇರೆ ಫೋಟೊ ಸಿಗಲಿಲ್ಲವೇ ಅತ್ತಿಗೆಗೆ — ಏಣಿಯ ಮೇಲೆ ನಿಂತ ನೆವೆನಾ ಅದರಿಂದ ಕಣ್ಣು ಹೊರಳಿಸಿದಳು, ಹಲ್ಲಿನಿಂದ ಕೈಗವಸು ಎಳೆದು ಕಂಬದ ಮೇಲಿನ ಕೇಬಲ್ ಪೆಟ್ಟಿಗೆ ತೆರೆದಳು, ರೊಡೊಪಿ ಬೆಟ್ಟದ ಚಳಿ ಬೆರಳಿಗೆ ಸೂಜಿಯಂತೆ ಇಳಿಯಿತು. ಕಾಡುಹಂದಿಗೆ ಹಾರಿಸಿದ ಚರೆ ಕೇಬಲ್ಲಿಗೆ ಬಡಿದು ಇಡೀ ಓಣಿಗೆ ಟಿವಿ, ಇಂಟರ್ನೆಟ್ ಸಂಪರ್ಕ ಇಲ್ಲ, ಹಾಳಾದಷ್ಟನ್ನು ಕಿತ್ತು ಹೊಸ ಕೇಬಲ್ ಎಳೆದಾಗಿದೆ, ಇನ್ನು ಉಳಿದದ್ದು ಒಂದೇ ಜೋಡಣೆ, ಕೂದಲಿನಂಥ ಗಾಜಿನ ಎಳೆ, ಅದು ತುಂಡಾದದ್ದು ಇದೇ ಕೆಲಸದಲ್ಲಿದ್ದ ಅಣ್ಣ ಹಾಕಿದ ಬೆಸುಗೆಯಿಂದ ಒಂದು ಗೇಣು ಈಚೆ. ಒಂದೇ ಗೇಣು. ತುದಿಗಳನ್ನು ಒತ್ತಿ ಹಿಡಿಯುವ ಕ್ಲಿಪ್ಪಿಗೆ ಸಾಕು, ಕಾಯಿಸಿ ಬೆಸೆಯುವ ಯಂತ್ರಕ್ಕೆ ಸಾಲದು, ಬೆಸೆಯಬೇಕೆಂದರೆ ಆ ಗೇಣನ್ನೂ ಅಣ್ಣನ ಬೆಸುಗೆಯನ್ನೂ ಕತ್ತರಿಸಿ ತೆಗೆದು ಆಚೆ ಸುತ್ತಿಟ್ಟ ಹೆಚ್ಚುವರಿ ಎಳೆಯ ಸುರುಳಿಯಿಂದ ಹೊಸ ತುದಿ ಎಳೆಯಬೇಕು — ಫೋನಿನಲ್ಲಿ ಓಗ್ನ್ಯನ್, ಕಚೇರಿಯ ಬೆಚ್ಚನೆಯ ಕುರ್ಚಿಯಿಂದ, ಕ್ಲಿಪ್ ಹಾಕಿ ಇಳಿದು ಬಾರಕ್ಕ, ಎರಡು ನಿಮಿಷದ ಕೆಲಸ. ಕೆಳಗಿನಿಂದ ತೋಂಕಾ ಅಜ್ಜಿ, ಏ ಹುಡುಗಿ, ಮೂರು ಗಂಟೆಗೆ ನನ್ನ ಟರ್ಕಿ ಧಾರಾವಾಹಿ, ಇವತ್ತು ಅವನು ಅವಳನ್ನ ಕಟ್ಕೊಳ್ತಾನೋ ಇಲ್ವೋ ಗೊತ್ತಾಗ್ಬೇಕು, ಬೇಗ ಮುಗ್ಸೆ. ಎರಡು ನಿಮಿಷ. ಅಣ್ಣ ಸಾಯುವ ಮುಂಚಿನ ಆ ಎಲೆಯುದುರುವ ಕಾಲದಲ್ಲೂ ಎರಡೇ ನಿಮಿಷ, ಇದೇ ಪೆಟ್ಟಿಗೆಯಲ್ಲಿ ಕ್ಲಿಪ್ ಒತ್ತಿ ಟಕ್ ಎನ್ನಿಸಿ ಇಳಿದಿದ್ದಳು, ಅಣ್ಣ ವ್ಯಾನಿನಲ್ಲಿ ಕೂತು ಅಣಕಿಸಿದ್ದ, ಬಟ್ಟೆ ಒಣಗ್ಹಾಕಿ ಬಂದ್ಯೇನೇ, ಚಳಿ ಬೀಳ್ಲಿ, ಒಳಗಿನ ಅಂಟು ಮುದುರ್ಕೊಂಡು ಕೈ ಕೊಡತ್ತೆ ನೋಡು. ಕೊಟ್ಟಿತು. ಜನವರಿಯಲ್ಲಿ, ಅವಳು ಜ್ವರ ಬಂದು ಮಲಗಿದ್ದ ದಿನ. ಎದ್ದೇಳ್ಬೇಡ ನೀನು, ನಿನ್ನ ಕ್ಲಿಪ್ ಕಿತ್ತು ಬೆಸೆದು ಬರ್ತೀನಿ, ಎಂದು ಹೋದ, ಬೆಸೆದ, ಓಣಿಗೆಲ್ಲ ಸಂಪರ್ಕ ಬಂತು, ಇಳಿಯುವಾಗ ಹಿಮ ಕಟ್ಟಿದ ಏಣಿಯ ಮೆಟ್ಟಿಲು, ಜಾರಿದ ಕಾಲು. ಯಾರೂ ಅವಳನ್ನು ಏನೂ ಅನ್ನಲಿಲ್ಲ, ಅತ್ತಿಗೆಯೂ ಅನ್ನಲಿಲ್ಲ, ಅಂದುಬಿಟ್ಟಿದ್ದರೆ. ಇಲ್ಲಿದೆ ಆ ಬೆಸುಗೆ, ಪಾರದರ್ಶಕ ಕೊಳವೆಯೊಳಗೆ, ಬೆಂಕಿಕಡ್ಡಿಗಿಂತ ತುಸು ಉದ್ದ, ಅವನ ಕೈ ಕೊನೆಗೆ ಮಾಡಿದ್ದು. ಕ್ಲಿಪ್ ಹಾಕಿದರೆ ಇದು ಉಳಿಯುತ್ತದೆ, ಇದರ ಪಕ್ಕದಲ್ಲೇ ಅವನನ್ನು ಕಂಬ ಹತ್ತಿಸಿದಂಥದ್ದೇ ಇನ್ನೊಂದು ಕೂರುತ್ತದೆ, ಚಳಿಗೆ ಕೈ ಕೊಡುತ್ತದೆ, ಮತ್ತೆ ಯಾರೋ ಹತ್ತುತ್ತಾರೆ, ಯಾರದೋ ಅಣ್ಣ — ಸುರುಳಿ ಬಿಡಿಸಿದಳು, ಎರಡು ಸುತ್ತು, ಮೂರು, ನಾಲ್ಕು, ಇಷ್ಟೊಂದು ಯಾಕೆ ಬಿಟ್ಟ, ಯಾವಾಗಲೂ ಹೀಗೇ, ನನ್ನದನ್ನ ಕತ್ತರ್ಸೋಕೆ ಬರೋನಿಗೂ ಒಂದಿಷ್ಟು ಇರ್ಲಿ ಬಿಡೇ, ಅನ್ನುತ್ತಿದ್ದ. ಅಣ್ಣನ ಬೆಸುಗೆಯಾಚೆ ಕತ್ತರಿ ಟಿಕ್ ಎಂದಿತು. ಇಷ್ಟೇ ಸದ್ದೇ. ತುದಿಗಳನ್ನು ಸುಲಿದು, ಒರೆಸಿ, ನೇರ ಕತ್ತರಿಸಿ ಯಂತ್ರದೊಳಗಿಟ್ಟಳು, ಅಂಗೈಯಗಲದ ಪರದೆಯಲ್ಲಿ ಎರಡು ತುದಿ, ಎದುರುಬದುರು, ನಡುವೆ ಕಪ್ಪು ಸಂದು. ಆಯ್ತಾ ಅಕ್ಕ, ಫೋನಿನಲ್ಲಿ ಓಗ್ನ್ಯನ್ ಕೇಳಿದ, ಕೇಳಿಸ್ತಿದ್ಯಾ. ಹೆಬ್ಬೆರಳು ಗುಂಡಿಯ ಮೇಲಿದೆ, ಒತ್ತಿದರೆ ಸಂದು ತುಂಬುತ್ತದೆ, ಅವನದಿದ್ದ ಕಡೆ ಅವಳದು, ಒತ್ತು, ಎರಡು ತುದಿ, ನಡುವೆ ಸಂದು, ಒತ್ತು, ಎರಡು ತುದಿ, ಕಪ್ಪು ಸಂದು, ಹೆಬ್ಬೆರಳು ಇಳಿಯಲೊಲ್ಲದು, ಎರಡು ತುದಿ, ನಡುವೆ —