ಗುಂಡಿ ಡಬ್ಬಿಯ ಥರ್ಮಾಮೀಟರು

"ಬಾಯಿ ತೆಗಿ," ಅಂದ ಅಣ್ಣ.

ಎದುರಿಗೆ ಅಮ್ಮನ ಶವ, ಸುತ್ತ ನೆಂಟರಿಷ್ಟರು. ಆರು ತಿಂಗಳ ಬಸುರಿ ತಂಗಿ ಮುಖ ತಿರುಗಿಸಿದಳು. ಬೆಳಗಿನಿಂದ ಮೈ ಕೆಂಡವಾಗಿತ್ತು. ಅಮ್ಮನನ್ನು ಕಳಿಸಿಕೊಡುವವರೆಗೆ ಬಾಯಿ ಬಿಡಬಾರದೆಂದು ಹಲ್ಲು ಕಚ್ಚಿ ಕೂತಿದ್ದಳು.

"ಇವತ್ತು ಬೇಡ ಅಣ್ಣ."

"ಇವನಿಗೆ ಹೊತ್ತುಗೊತ್ತು ಇಲ್ವಾ?" ಚಿಕ್ಕಪ್ಪ ಗೊಣಗಿದರು. "ಹೆತ್ತ ತಾಯಿ ಹೋದ್ರೂ ಕಣ್ಣಲ್ಲಿ ಒಂದು ಹನಿ ಇಲ್ಲ."

ಅಮ್ಮನ ಗುಂಡಿ ಡಬ್ಬಿಯಿಂದ ತೆಗೆದ ಥರ್ಮಾಮೀಟರನ್ನು ಅಣ್ಣ ಹಾಗೇ ಹಿಡಿದು ನಿಂತ. ವಯಸ್ಸು ಮೂವತ್ತೆಂಟಾದರೂ ಹಿಡಿದ ಪಟ್ಟು ಬಿಡುವ ಆಸಾಮಿಯಲ್ಲ. ಕೊನೆಗೆ ಅವಳೇ ಸೋತು ಬಾಯಿ ತೆರೆದಳು.

*

ಅಣ್ಣ ಹೊಟ್ಟೆಯಲ್ಲಿದ್ದಾಗ ಅಮ್ಮನಿಗೆ ಐದು ದಿನ ಸುಡುಜ್ವರ. ಶಾಲೆಯ ಸಮವಸ್ತ್ರದ ಆರ್ಡರು ಕೈತಪ್ಪೀತೆಂದು ಯಾರಿಗೂ ಹೇಳದೆ ಹೊಲಿಗೆ ಮಿಷನ್ ತುಳಿದಳು. ಅಣ್ಣ ಮಾತಾಡಿದ್ದು ಐದು ವರ್ಷ ತುಂಬಿದ ಮೇಲೆ. ಯಾರ ಕಣ್ಣನ್ನೂ ನೋಡುತ್ತಿರಲಿಲ್ಲ.

"ಬಸುರಿಗೆ ಸೋಂಕಾದ್ರೆ ಕೆಲವು ಸಲ ಮಗುವಿನ ಮೆದುಳು ಬೆಳೆಯೋ ರೀತಿ ಬದಲಾಗಬಹುದು," ಎಂದಿದ್ದರು ಡಾಕ್ಟರು. "ಎಷ್ಟೋ ಮಕ್ಕಳಿಗೆ ಏನೂ ಆಗಲ್ಲ. ಇವನಿಗೆ ಅದರಿಂದಲೇ ಆಯ್ತು ಅಂತ ಹೇಳೋಕಾಗಲ್ಲಮ್ಮ, ತಪ್ಪು ಹೊತ್ಕೋಬೇಡಿ. ಆದ್ರೆ ಜ್ವರ ಮುಚ್ಚಿಡಬಾರದು."

ತಪ್ಪನ್ನು ಅಮ್ಮ ಹೊತ್ತೇ ಇದ್ದಳು. ಆದರೆ ಕೊನೆಯ ಮಾತನ್ನು ಕೆಲಸಕ್ಕೆ ಹಚ್ಚಿದಳು. ಅಂದಿನಿಂದ ಅಳತೆ ಕೊಡಲು ಬಂದ ಬಸುರಿಯರಿಗೆ ಮೊದಲು ಥರ್ಮಾಮೀಟರು, ಆಮೇಲೆ ಟೇಪು. ಅಂಕಿಯನ್ನು ಮೇಜಿನ ಅಂಚಿಗೆ, ಅಮ್ಮ ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಲ್ಲಿ ಬರೆಯುವುದು ಅಣ್ಣನ ಕೆಲಸ.

"ಬಟ್ಟೆ ಹೊಲಿಸೋಕೆ ಬಂದ್ರೆ ಆಸ್ಪತ್ರೆಗೆ ಅಟ್ತೀರಲ್ಲಾ ಟೈಲರಮ್ಮ!" ಎಂದು ಗಿರಾಕಿಗಳು ನಗುತ್ತಿದ್ದರು. ಹಾಗೆ ಅಟ್ಟಿಸಿಕೊಂಡ ಕೆಲವರು ಇವತ್ತು ಮಕ್ಕಳ ಕೈಹಿಡಿದು ಬಂದಿದ್ದರು.

*

"ನೂರಾ ಎರಡು ಪಾಯಿಂಟ್ ನಾಲ್ಕು," ಅಣ್ಣ ಗಟ್ಟಿಯಾಗಿ ಓದಿದ.

"ಆಮೇಲೆ ಹೋಗ್ತೀನಿ. ಅಮ್ಮನ ಮುಖ ಮತ್ತೆ ನೋಡೋಕೆ ಸಿಗುತ್ತಾ?" ತಂಗಿ ಅಮ್ಮನ ಪಕ್ಕಕ್ಕೆ ಇನ್ನಷ್ಟು ಸರಿದಳು.

"ಅಮ್ಮನೂ ಆಮೇಲೆ ಅಂದಿದ್ಲು, ಆರ್ಡರ್ ಮುಗೀಲಿ ಅಂತ. ನೀನು ಈಗ ಹೋಗು. ಅಮ್ಮನ ಹತ್ರ ನಾನಿರ್ತೀನಿ."

ಅಣ್ಣ ಒಂದೇ ಉಸಿರಿಗೆ ಇಷ್ಟು ಮಾತಾಡಿದ್ದನ್ನು ಅವಳು ಕಂಡೇ ಇರಲಿಲ್ಲ. ಅಮ್ಮನ ಕೆನ್ನೆ ಮುಟ್ಟಿ, ಬಿಕ್ಕುತ್ತಲೇ ಎದ್ದಳು. ಗೊಣಗಿದ್ದ ಚಿಕ್ಕಪ್ಪನೇ ಕಾರು ತೆಗೆದರು.

*

ಮೂತ್ರದ ಸೋಂಕಂತೆ. ಔಷಧಿ ಶುರುವಾಯಿತು. ಮಗುವಿನ ಎದೆಬಡಿತ ಚೆನ್ನಾಗಿದೆ ಎಂದರು ಡಾಕ್ಟರು.

ಸಂಜೆ ಎಲ್ಲ ಮುಗಿಸಿ ಅಣ್ಣ ನೇರ ಆಸ್ಪತ್ರೆಗೆ ಬಂದ. "ಬಾಯಿ ತೆಗಿ." ಈ ಸಲ ಅವಳು ತಕ್ಷಣ ತೆರೆದಳು.

ತೊಂಬತ್ತೊಂಬತ್ತು.

ಅವನು ಜೇಬಿನಿಂದ ಅಮ್ಮನ ಬೆರಳು ಸವೆಸಿದ ಸೀಮೆಸುಣ್ಣ ತೆಗೆದ. ಮಂಚದ ಕಬ್ಬಿಣದ ಅಂಚಿಗೆ ಅಂಕಿ ಬರೆದು, ಪಕ್ಕದಲ್ಲೇ ನಾಳೆಯದಕ್ಕೆ ಜಾಗ ಬಿಟ್ಟು ಒಂದು ಗೆರೆ ಎಳೆದ.